ಪೀಂ ಅಂದ ಮ್ಯಾಲೆ ಹೇಳ್ರಿ

ಹೋದ ವಾರ ಚಿಕ್ಕೇರೂರಿಗೆ ಹೋಗಿದ್ದೆ, ಶಿವಬಸಪ್ಪನವರ ಮೊಮ್ಮಗಳನ್ನು ತೊಟ್ಟಿಲಿಗೆ ಹಾಕುವ ಕಾರ್ಯಕ್ಕೆ. ಚಪ್ಪಲಿ ಬಿಟ್ಟು ಪಡಸಾಲೆಗೆ ಕಾಲಿಟ್ಟೆನೋ ಇಲ್ಲವೋ, ಎಲೆಯ ವಾಸನೆ ಬಂತು. ಮೂಲೆಯಲ್ಲಿ ಒದ್ದೆ ಗೋಣಿತಟ್ಟು ಹೊದಿಸಿದ ಬುಟ್ಟಿ ಇತ್ತು, ನಮ್ಮದೇ ಅಂಗಡಿಯದು. ವೀಳ್ಯದೆಲೆಯ ಆ ಹಸಿ ಖಾರದ ವಾಸನೆಯನ್ನು ಇಪ್ಪತ್ತೈದು ವರ್ಷದಿಂದ ಸೆರಗಿನಲ್ಲಿ ಹೊತ್ತು ತಿರುಗುವವಳು ನಾನು. ಸವಣೂರಿನಲ್ಲಿದ್ದಾಗ ನನಗದು ಗೊತ್ತೇ ಆಗುವುದಿಲ್ಲ. ಬೇರೆಯವರ ಮನೆಯಲ್ಲಿ ಎದುರಾದರೆ ಮಾತ್ರ ಮೂಗಿಗೆ ಏರುತ್ತದೆ. ಅವತ್ತು ಏರಿತು, ಅದರ ಹಿಂದೆಯೇ ಮೂರು ವರ್ಷದ ಹಿಂದಿನ ಒಂದು ಶ್ರಾವಣವೂ ಬಂದು ಎದುರಿಗೆ ಕೂತಿತು. ಆ ಶ್ರಾವಣದಲ್ಲಿ ನನ್ನ ಕುರ್ಚಿ ಹೋಗುವುದರಲ್ಲಿತ್ತು. ಉಳಿದದ್ದು ಇದೇ ಮನೆಗೆ ಕಳಿಸಿದ ಒಂದು ಬುಟ್ಟಿ ಎಲೆಯಿಂದ.

ಕುರ್ಚಿ ಅಂದರೆ ದೊಡ್ಡ ಅಧಿಕಾರದ್ದು ಎಂದು ತಿಳಿಯಬೇಡಿ. ಸವಣೂರಿನಲ್ಲಿ ಖಾದರಸಾಹೇಬರ ಎಲೆ ಅಂಗಡಿ. ಅಲ್ಲಿ ಫೋನಿನ ಮಗ್ಗುಲಿಗೆ ಪ್ಲಾಸ್ಟಿಕ್ ವಾಯರು ಹೆಣೆದ ಒಂದು ಕಬ್ಬಿಣದ ಕುರ್ಚಿ. ಮೊದಲ ಏಳೆಂಟು ವರ್ಷ ನಾನೂ ಉಳಿದ ಹೆಂಗಸರ ಜೊತೆ ನೆಲದ ಮೇಲೆ ಕೂತು ಎಲೆ ಆರಿಸುತ್ತಿದ್ದೆ. ತೋಟದಿಂದ ಮುಂಜಾನೆ ಬಂದ ಎಲೆಯನ್ನು ನೀರು ಚಿಮುಕಿಸಿದ ಗೋಣಿಯ ಮೇಲೆ ಸುರಿದು, ಎಳೆಯದು ಬೇರೆ ಬಲಿತದ್ದು ಬೇರೆ ಮಾಡಿ, ತೊಟ್ಟು ಕೂಡಿಸಿ ಕಟ್ಟು ಕಟ್ಟುವುದು. ದಿನವೆಲ್ಲ ಕುಕ್ಕರಗಾಲಿನಲ್ಲಿ ಕೂತು ನನ್ನ ಮೊಣಕಾಲು ಹೋದವು. ಏಳಲಾರದೆ ಗೋಡೆ ಹಿಡಿದು ಏಳುವುದನ್ನು ಒಂದು ದಿನ ಸಾಹೇಬರು ನೋಡಿದರು. ಮರುದಿನ ಆ ಕುರ್ಚಿ ತರಿಸಿ ಹಾಕಿದರು.

"ಗಂಗವ್ವಾ, ನಿನ್ನ ಬಾಯಿ ಜೋರೈತಿ. ಅದನ್ನ ಇಲ್ಲಿ ಕುಂತು ಖರ್ಚು ಮಾಡು" ಎಂದರು.

ನನ್ನ ಬಾಯಿ ಜೋರು ಎಂದು ಊರೆಲ್ಲ ಹೇಳುತ್ತದೆ. ಸುಳ್ಳಲ್ಲ. ಆದರೆ ಫೋನಿನಲ್ಲಿ ಹೇಗೆ ಮಾತಾಡಬೇಕು ಎಂದು ಕಲಿಸಿದವರು ಸಾಹೇಬರೇ. ಹಾನಗಲ್, ಶಿಗ್ಗಾಂವಿ, ಹಿರೇಕೆರೂರು ಕಡೆಯ ಪಾನ್ ಅಂಗಡಿಯವರು, ಮನೆಯಲ್ಲಿ ಕಾರ್ಯ ಇಟ್ಟುಕೊಂಡವರು ಫೋನ್ ಮಾಡಿ ಇಷ್ಟು ಕಟ್ಟು ಕಳಿಸಿರಿ ಎನ್ನುತ್ತಿದ್ದರು. ನಾನು ಬರೆದುಕೊಳ್ಳಬೇಕು, ಮರುದಿನದ ಮೊದಲ ಬಸ್ಸಿಗೆ ಬುಟ್ಟಿ ಏರಬೇಕು. ಎಲೆ ಯಾರಿಗೂ ಕಾಯುವುದಿಲ್ಲ; ಎರಡು ದಿನ ಹೆಚ್ಚು ಕಮ್ಮಿಯಾದರೆ ಹಳದಿ. ಅಷ್ಟು ಅವಸರದ ವ್ಯಾಪಾರ. ಆದರೂ ಸಾಹೇಬರು ಹೇಳಿದ್ದು ಏನೆಂದರೆ, "ಮೊದ್ಲ ಆರಾಮ ಅದೀರೇನು ಅಂತ ಕೇಳು. ಮಳಿ ಕೇಳು, ಮನಿ ಮಂದಿನ್ನ ಕೇಳು. ಎಲಿ ಮಾತು ಅವರ ಬಾಯಿಂದ ಬರಲಿ. ನಾವs ಮೊದ್ಲ ಎಷ್ಟು ಕಟ್ಟು ಅಂದ್ರ, ಕುತಿಗಿ ಹಿಡದು ಕೇಳಿದಂಗ ಆಕ್ಕೈತಿ."

ಹಾಗೆ ಕೇಳಿ ಕೇಳಿಯೇ ನನಗೆ ನಾಲ್ಕು ತಾಲೂಕು ಗೊತ್ತಾಯಿತು. ಮುಖ ನೋಡದವರ ಮನೆಯ ಎಮ್ಮೆ ಯಾವಾಗ ಈಯಿತು, ಸೊಸೆಯ ತವರು ಯಾವುದು, ಯಾರಿಗೆ ಸಕ್ಕರೆ ಕಾಯಿಲೆ, ಎಲ್ಲ ಬಾಯಿಪಾಠ. ಹುಲಗೂರಿನಲ್ಲಿ ದರ್ಗಾದ ಹತ್ತಿರ ಪುಟ್ಟ ಅಂಗಡಿ ಇಟ್ಟ ಹುಸೇನಬೀಗೆ ನನ್ನ ಜೊತೆ ಮಾತಾಡದಿದ್ದರೆ ಊಟ ರುಚಿಸುತ್ತಿರಲಿಲ್ಲ. ಚಿಕ್ಕೇರೂರಿನ ಶಿವಬಸಪ್ಪನವರದು ಕಿರಾಣಿ ಅಂಗಡಿ, ಇಬ್ಬರು ಹೆಣ್ಣುಮಕ್ಕಳು. ದಿನಾ ನಾಲ್ಕು ಕಟ್ಟಿನ ಗಿರಾಕಿ, ನಲವತ್ತು ಕಟ್ಟಿನಷ್ಟು ಮಾತು. ಅವರ ದನಿಯೋ, ಫೋನನ್ನು ಕಿವಿಯಿಂದ ಗೇಣು ದೂರ ಹಿಡಿದರೂ ಅಂಗಡಿಯವರೆಲ್ಲರಿಗೂ ಕೇಳುತ್ತಿತ್ತು. ಆರಡಿ ಆಳು, ಗಿರಿಜಾ ಮೀಸೆ ಇರಬೇಕು ಎಂದು ನಾನು ಅಂದಾಜು ಮಾಡಿಟ್ಟಿದ್ದೆ.

ಇದೆಲ್ಲ ಸುಸೂತ್ರ ನಡೆಯುತ್ತಿದ್ದುದು ಬೇಸಿಗೆಯಲ್ಲಿ. ಮಳೆ ಹಿಡಿಯಿತೆಂದರೆ ನಮ್ಮ ಫೋನಿಗೆ ಜ್ವರ. ಗಟಾರದ ಪಕ್ಕದಲ್ಲಿ ವಾಯರಿನ ಜೋಡಣೆ ಇತ್ತು, ಅದರಲ್ಲಿ ನೀರು ಇಳಿಯುತ್ತಿತ್ತು. ಮೊದಲು ಗೊರಗೊರ ಸದ್ದು, ಆಮೇಲೆ ಅದೂ ಇಲ್ಲ. ರಿಪೇರಿಯವರು ಬಂದು ಒಣಗಿಸಿ ಹೋದರೆ ಎರಡು ದಿನ ಆರಾಮ, ಮತ್ತೆ ಮಳೆ, ಮತ್ತೆ ಅದೇ ಕಥೆ. ಎಲೆ ಹೆಚ್ಚು ಬೇಕಾಗುವುದು ಶ್ರಾವಣದಲ್ಲಿ, ಫೋನ್ ಸಾಯುವುದೂ ಶ್ರಾವಣದಲ್ಲಿಯೇ. ಮೊಬೈಲಿಗೆ ಮಾಡಿರೆಂದರೆ ಮಂದಿ ಕೇಳುತ್ತಿರಲಿಲ್ಲ. ಪ್ರತಿ ಬುಟ್ಟಿಯ ಮೇಲೆ ಕೆಂಪು ಬಣ್ಣದಲ್ಲಿ ಬರೆದ ಆ ಹಳೆಯ ನಂಬರೇ ಅವರ ತಲೆಯಲ್ಲಿ ಕೂತಿತ್ತು.

ಆ ವರ್ಷ ಅಂಗಡಿಯ ಕೆಲಸವನ್ನು ಸಾಹೇಬರ ಮಗಳು ರುಬೀನಾ ಹಿಡಿದುಕೊಂಡಿದ್ದಳು. ಬಿ.ಕಾಂ. ಮುಗಿಸಿದ ಚುರುಕು ಹುಡುಗಿ. ನನ್ನ ತೊಡೆಯ ಮೇಲೆ ಕೂತು ಎಲೆ ಹರಿದು ಆಡಿದವಳು. ಕೆಲಸದಲ್ಲಿ ಹುಲಿ, ಮಾತಿನಲ್ಲಿ ಮಾತ್ರ ಅವಸರ. ನಾನು ಚಹಾಕ್ಕೆ ಎದ್ದಾಗ ಫೋನ್ ಬಂದರೆ ಎತ್ತಿ, "ಹಾಂ, ಎಷ್ಟು ಕಟ್ಟು?" ಎನ್ನುತ್ತಿದ್ದಳು. ಆ ಕಡೆಯವರು ಗಲಿಬಿಲಿಯಾಗಿ, "ಗಂಗಕ್ಕ ಇಲ್ಲೇನವಾ?" ಎನ್ನುತ್ತಿದ್ದರು.

ಆಷಾಢ ಮುಗಿಯುವ ಹೊತ್ತಿಗೆ ಅವಳು ಹೊಸ ಸುದ್ದಿ ತಂದಳು. ತಾಮ್ರದ ವಾಯರು ತೆಗೆಸಿ ಇಂಟರ್ನೆಟ್ ಮೇಲೆ ನಡೆಯುವ ಫೋನ್ ಹಾಕಿಸುವುದು. ನಂಬರು ಅದೇ ಇರುತ್ತದೆ. ಯಾರೂ ಎತ್ತದಿದ್ದರೆ, ಇಲ್ಲವೆ ಇನ್ನೊಬ್ಬರ ಜೊತೆ ಮಾತು ನಡೆದಿದ್ದರೆ, ಒಂದು ದನಿ ತಾನೇ ಎತ್ತಿ ಹೇಳುತ್ತದೆ, ಗಿರಾಕಿ ಹೇಳಿದ್ದನ್ನು ತುಂಬಿಟ್ಟುಕೊಳ್ಳುತ್ತದೆ. ಅದಕ್ಕೆ ವಾಯ್ಸ್‌ಮೇಲ್ ಎನ್ನುತ್ತಾರಂತೆ. ನಾವು ಬೇಕಾದಾಗ ಕೇಳಿಕೊಂಡು ಬುಟ್ಟಿ ಕಟ್ಟಿದರಾಯಿತು.

"ಅಂದ್ರ ಫೋನಿಗೆ ಅಂತ ಒಬ್ರು ಕುಂಡ್ರೂದs ಬ್ಯಾಡ್ರಿ ಗಂಗಕ್ಕ" ಎಂದಳು ರುಬೀನಾ, ಸಂತೋಷದಲ್ಲಿ. ನನ್ನ ಮುಖ ನೋಡಿದ ಮೇಲೆ ಅವಳ ದನಿ ಇಳಿಯಿತು. "ನೀವು ಎಲಿ ಆರಸೂ ಕಡೆ ನೋಡ್ಕೊಳ್ಳಾಕ ಬರ್ತೈತಿ. ನಿಮ್ಮಂಥಾ ಕೈ ಅಲ್ಲಿ ಯಾರದೂ ಇಲ್ಲ. ಶ್ರಾವಣ ಮುಗಿಯೂ ತನಕ ನೋಡೂಣು, ಆಮ್ಯಾಲೆ ವಿಚಾರ ಮಾಡೂಣು."

ಮತ್ತೆ ನೆಲಕ್ಕೆ! ಈ ಮೊಣಕಾಲಿನಲ್ಲಿ! ಮನೆಗೆ ಬಂದು ಪಾತ್ರೆಗಳ ಮೇಲೆ ಸಿಟ್ಟು ತೀರಿಸಿದೆ. ನನ್ನ ಗಂಡ ವೀರಪ್ಪ ಹೊಲಿಗೆ ಯಂತ್ರದಿಂದ ತಲೆ ಎತ್ತದೆ ಕೇಳಿದ, "ಆ ಮಷೀನಿಗೆ ನಿನ್ನಂಗ ಜಗಳಾ ಮಾಡಾಕ ಬರ್ತೈತೇನು?"

"ಇಲ್ಲ."

"ಮತ್ತ ಯಾಕ ಅಂಜತೀ? ಅರ್ಧಾ ಗಿರಾಕಿ ನಿನ್ನ ಕೂಡ ಜಗಳಾಡಾಕನ ಫೋನ್ ಮಾಡತಾವು."

ನಗು ಬಂತು, ಆದರೆ ಅಂಜಿಕೆ ಹೋಗಲಿಲ್ಲ.

ಶ್ರಾವಣದ ಮೊದಲ ವಾರ ಗೋಡೆಗೆ ಬಿಳಿ ಪೆಟ್ಟಿಗೆ ಬಂತು. ಹಸಿರು ದೀಪಗಳು ಮಿಣಮಿಣ. ಹಾಕಲು ಬಂದವರು ಹಳೆಯ ಕಪ್ಪು ವಾಯರನ್ನು ಸುತ್ತಿ ನನ್ನ ಕೈಗೆ ಕೊಟ್ಟರು. ನಾನು ಅದನ್ನು ಮನೆಗೆ ಒಯ್ದು ಬಟ್ಟೆ ಒಣಗಿಸಲು ಕಟ್ಟಿಕೊಂಡೆ. ಹೊಟ್ಟೆಕಿಚ್ಚು ಬದಿಗಿಟ್ಟು ಹೇಳಬೇಕೆಂದರೆ, ದನಿ ಮಾತ್ರ ಬಲು ಸ್ವಚ್ಛ. ಹಾನಗಲ್ಲಿನವರು ಮಾತಾಡಿದರೆ ಹಿಂದೆ ಅವರ ಅಂಗಡಿಯ ಮೇಲೆ ಮಳೆ ಬೀಳುವುದೂ ಕೇಳುತ್ತಿತ್ತು. ಕರೆಂಟ್ ಹೋದರೆ ನಮ್ಮ ಫೋನ್ ಬಡಿಯುವುದಿಲ್ಲ, ನಿಜ. ಆದರೆ ಕರೆ ಹೋಗಿ ವಾಯ್ಸ್‌ಮೇಲಿಗೆ ಬೀಳುತ್ತದೆ, ಕಳೆದುಹೋಗುವುದಿಲ್ಲ.

ಪೆಟ್ಟಿಗೆ ಬಂದ ಮೊದಲ ದಿನ ಕಂಪನಿಯ ರೆಡಿಮೇಡ್ ದನಿಯನ್ನೇ ಬಿಟ್ಟಿದ್ದರು. ಯಾವುದೋ ಹೆಣ್ಣು ದನಿ, ತೂಕಮಾಡಿ ಇಟ್ಟಂಥ ಮಾತು: "ನೀವು ಕರೆ ಮಾಡಿರುವ ಚಂದಾದಾರರು ಸದ್ಯಕ್ಕೆ ಲಭ್ಯವಿಲ್ಲ." ಅಷ್ಟು ಕೇಳಿದ್ದೇ ತಡ, ಮಂದಿ ಫೋನ್ ಇಟ್ಟರು. ಒಂದಾದರೂ ಸಂದೇಶ ಇರಬೇಡವೇ? ಇಲ್ಲ. ಮರುದಿನ ಹುಲಗೂರಿನಿಂದ ಹುಸೇನಬೀ ಬಸ್ಸು ಹತ್ತಿ ಬಂದೇಬಿಟ್ಟಳು, ಛತ್ರಿಯಿಂದ ನೀರು ಸುರಿಸುತ್ತ.

"ಯಾ ಅಲ್ಲಾ! ಅಂಗಡಿ ತೆರದೈತಿ! ಯಾರೋ ಒಬ್ಬಾಕಿ ಫೋನಿನ್ಯಾಗ ಲಭ್ಯ ಇಲ್ಲ ಅಂದ್ಲು. ಗಂಗವ್ವಗ ಏನಾತೋ ಅಂತ ಎದಿ ಧಸಕ್ ಅಂತು" ಎಂದು ನನ್ನ ಕೆನ್ನೆ ಸವರಿದಳು.

ಸಾಹೇಬರು ನಕ್ಕು, "ರುಬೀನಾ, ಮಷೀನಿಗೆ ಗಂಗವ್ವನ ದನಿ ಹಾಕಸು" ಎಂದರು. ಸರಿ, ನಾನೇ ಮಾತು ತುಂಬಿದೆ. ಹಾಳು ಮಾಡಿದವಳೂ ನಾನೇ. ಅಭ್ಯಾಸಬಲ ನೋಡಿ, ನನ್ನ ಬಾಯಿಂದ ಬಂದದ್ದು ಹೀಗೆ: "ನಮಸ್ಕಾರ್ರಿ, ನಾ ಗಂಗಕ್ಕ ಮಾತಾಡಾಕತ್ತೇನಿ. ಆರಾಮ ಅದೀರೇನ್ರಿ? ಮನ್ಯಾಗ ಎಲ್ಲಾರೂ ಹೆಂಗ ಅದಾರ? ಪೀಂ ಅಂದ ಮ್ಯಾಲೆ ಹೇಳ್ರಿ."

ಪೀಂ ಅಂದ ಮೇಲೆ ಹೇಳಿದರು. ಎಲ್ಲರೂ ಹೇಳಿದರು. ಮನೆಯಲ್ಲಿ ಎಲ್ಲರೂ ಹೇಗಿದ್ದಾರೆ ಎಂದು ನಾನು ಕೇಳಿದ್ದೆನಲ್ಲ, ಎಲ್ಲರೂ ಹೇಗಿದ್ದಾರೆ ಎಂದೇ ಹೇಳಿದರು! ಮಷೀನು ಕೊಡುವುದು ಒಂದೇ ನಿಮಿಷ. ಅಜ್ಜಿಯ ಕೆಮ್ಮು, ಗೋವಿನಜೋಳಕ್ಕೆ ಬಿದ್ದ ಹುಳ, ಮಗನ ಪರೀಕ್ಷೆ ಮುಗಿಸಿ ಎಲೆಯ ಮಾತಿಗೆ ಬರುವಷ್ಟರಲ್ಲಿ ಕಟ್. ಶಿಗ್ಗಾಂವಿಯವರೊಬ್ಬರು "ಆರಾಮ ಅದೇನ್ರಿ ಗಂಗಕ್ಕ, ನೀವು?" ಎಂದು ಕೇಳಿ ಸುಮ್ಮನಾಗಿದ್ದರು. ಉತ್ತರಕ್ಕೆ ಕಾಯುತ್ತಿದ್ದರು, ಪಾಪ. ಅರ್ಧ ನಿಮಿಷ ಕಾದು, "ಯಾಕ್ರಿ, ಮಾತಾಡವಲ್ರಿ? ಸಿಟ್ಟಾಗೀರೇನ್ರಿ? ಹೋದ ವಾರ ಎಲಿ ಸಣ್ಣವು ಅಂದಿದ್ದಕ್ಕ?" ಎಂದರು. ಅಷ್ಟಕ್ಕೆ ನಿಮಿಷ ತೀರಿತ್ತು.

ರುಬೀನಾ ಹೊಟ್ಟೆ ಹಿಡಿದು ನಕ್ಕಳು, ಆಮೇಲೆ ತಲೆಯ ಮೇಲೆ ಕೈ ಹೊತ್ತಳು. ಒಬ್ಬೊಬ್ಬರಿಗೂ ತಿರುಗಿ ಫೋನ್ ಮಾಡಿ ಎಷ್ಟು ಕಟ್ಟು ಎಂದು ಕೇಳಬೇಕಾಯಿತು. "ಹಿಂಗಾದ್ರ ಮಷೀನ್ ತಂದು ಏನ್ ಮಾಡಿದಂಗಾತು? ಬ್ಯಾರೆ ದನಿ ಹಾಕ್ತೇನಿ. ಸೀದಾ ಕೇಳೂದು. ನಾಕು ದಿನಾ ಸಿಟ್ಟಾಗ್ತಾರ, ಆಮ್ಯಾಲೆ ಕಲೀತಾರ" ಎಂದಳು. ಇನ್ನೊಂದು ಕಾಯ್ದೆಯನ್ನೂ ಮಾಡಿದಳು: ಎಷ್ಟು ಕಟ್ಟು, ಯಾವತ್ತಿಗೆ ಎಂದು ಬಾಯಿಬಿಟ್ಟು ಹೇಳದ ಹೊರತು ಬುಟ್ಟಿ ಹೋಗುವ ಹಾಗಿಲ್ಲ. ತಪ್ಪೇನಿಲ್ಲ. ಅಂದಾಜಿನ ಮೇಲೆ ಕಳಿಸಿದ ಎಲೆ ಬೇಡವಾದರೆ ಬಸ್‌ಸ್ಟ್ಯಾಂಡಿನಲ್ಲಿ ಕೂತು ಕೊಳೆಯುತ್ತದೆ.

ಆ ಬೇರೆ ದನಿ ಹಾಕುವ ಮೊದಲೇ ಮಳೆ ಜೋರಾಯಿತು. ಮೂರು ದಿನ ಸೂರ್ಯನ ಮುಖ ಕಾಣಲಿಲ್ಲ. ತೋಟದಲ್ಲಿ ಬಳ್ಳಿ ಹಬ್ಬಿದ ನುಗ್ಗೆ ಗಿಡಗಳು ಬಾಗಿ ಬಾಗಿ ಬಿದ್ದವು, ಆದರೂ ಎಲೆ ಮಾತ್ರ ಅಂಗೈ ಅಗಲ, ತೆಳ್ಳಗೆ, ಕೈಗೆತ್ತಿಕೊಂಡರೆ ಬಿಡಬಾರದು ಎನ್ನಿಸುವಂಥದು. ಶುಕ್ರವಾರ ಮುಂಜಾನೆ ಅಂಗಡಿ ತೆರೆದು ರುಬೀನಾ ಸಂದೇಶಗಳನ್ನು ಹಚ್ಚಿದಳು. ಒಂದು ಚಿಕ್ಕೇರೂರಿನ ಶಿವಬಸಪ್ಪನವರದು, ಅದೇ ಮುಂಜಾನೆ ಬಂದದ್ದು.

"ಶರಣ್ರಿ ಗಂಗಕ್ಕ. ಆರಾಮ ಅದೇನ್ರಿ. ನಿಮ್ಮ ಮಣಕಾಲು ಹೆಂಗ ಅದಾವ್ರಿ? ಇಲ್ಲಿ ಮಳಿ ಬಿಡವಲ್ದು. ಕರೆಂಟ್ ಇಲ್ಲ, ಫೋನಿನ್ಯಾಗ ಒಂದs ಕಡ್ಡಿ ಉಳದೈತಿ. ಮನಿಗೆ ಸುಣ್ಣಾ ಹಚ್ಚಿಸೇನ್ರಿ, ಈ ಮಳ್ಯಾಗ ಒಣಗವಲ್ದು, ಮನ್ಯಾಗ ನನಗ ಬೈಯಾಕತ್ತಾರ. ಸಣ್ಣಾಕಿ ಆರಾಮ ಅದಾಳ. ದೊಡ್ಡಾಕಿಗೆ ನಾಳೆ ಅರ್ಧಾ ದಿನದ ಸಾಲಿ, ಮುಗಿಸ್ಕೊಂಡು ಅಳಿಯಾನ್ನ ಕರ್ಕೊಂಡು ಬರ್ತಾಳ. ರಾಣಿಬೆನ್ನೂರಿನವರೂ ದೇವ್ರಂಥಾ ಮಂದಿ ಬಿಡ್ರಿ. ಹಾಂ, ಎಲಿ ಮಾತು. ಈ ಸಲ ಅಂಗಡಿಗೆ ಅಲ್ರಿ, ಮನಿಗೇ..."

ಕಟ್.

ನಾನು ತಿರುಗಿ ಫೋನ್ ಮಾಡಿದೆ. ಸ್ವಿಚ್ ಆಫ್. ಬ್ಯಾಟರಿಯ ಆ ಒಂದು ಕಡ್ಡಿಯೂ ಮುಗಿದಿತ್ತು. ಮಧ್ಯಾಹ್ನ ಮಾಡಿದೆ, ಸಂಜೆ ಮಾಡಿದೆ. ಆ ಕಡೆಯ ಟವರೇ ಮಲಗಿತ್ತೇನೋ.

"ಆರ್ಡರ್ ಇಲ್ಲ, ಬುಟ್ಟಿ ಇಲ್ಲ" ಎಂದಳು ರುಬೀನಾ.

"ಆರ್ಡರ್ ಕೊಟ್ಟಾರಲ್ಲವ್ವಾ!"

"ಎಲ್ಲಿ ಕೊಟ್ಟಾರ? ಸುಣ್ಣಾ, ಮಳಿ, ಅಳಿಯಾ. ಕಟ್ಟು ಎಷ್ಟು ಅಂದ್ರು?"

ನಾನು ಕುರ್ಚಿಯಿಂದ ಎದ್ದು ನಿಂತೆ. ಸಿಟ್ಟು ಬಂದರೆ ನನಗೆ ಕೂತು ಮಾತಾಡಲು ಆಗುವುದಿಲ್ಲ. "ಹಿಂಗ ಮಳಿ ಹೊಡಿಯಾಕತ್ತೈತಿ, ಇದರಾಗ ಯಾರಾರ ಸುಣ್ಣಾ ಹಚ್ಚಸ್ತಾರೇನು? ಮನಿಗೆ ಹೊಸಾ ಮಂದಿ ಬರೂದಿದ್ರ ಹಚ್ಚಸ್ತಾರ. ಸಣ್ಣಾಕಿನ್ನ ರಾಣಿಬೆನ್ನೂರಿನವರು ನೋಡ್ಕೊಂಡು ಹೋಗ್ಯಾರ ಅಂತ ಬ್ಯಾಸಗ್ಯಾಗ ಹೇಳಿದ್ರು. ಅವರs ಬರಾಕತ್ತಾರ. ಲಗ್ನ ನಿಶ್ಚಯ ಐತಿ. ದೊಡ್ಡಾಕಿ ಸಾಲಿ ಟೀಚರ್. ಶನಿವಾರ ಮಧ್ಯಾಹ್ನ ಹೊರಟು ಬರ್ತಾಳ ಅಂದ್ರ ಕಾರ್ಯ ಐತವಾರ. ಅಂಗಡಿಗಲ್ಲ ಮನಿಗೆ ಅಂದ್ರಲ್ಲ, ಅಂದ್ರ ಎಳಿ ಎಲಿ ಬೇಕು, ಬಲತದ್ದಲ್ಲ. ದೊಡ್ಡಾಕಿ ನಿಶ್ಚಯಕ್ಕ ಇಪ್ಪತ್ತು ಕಟ್ಟು ಕಳಿಸಿದ್ದೆ. ಇನ್ನ ಏನ್ ಹೇಳಬೇಕಿತ್ತು ಅವರು?"

ರುಬೀನಾ ಬಾಯಿ ತೆರೆದು ಕೇಳುತ್ತಿದ್ದಳು. ಆದರೂ ಬಿಡಲಿಲ್ಲ. "ಇದೆಲ್ಲಾ ನಿಮ್ಮ ಅಂದಾಜು ಗಂಗಕ್ಕ. ಶ್ರಾವಣದ ಎಲಿ, ಇಪ್ಪತ್ತು ಕಟ್ಟು. ಯಾರೂ ಇಳಿಸ್ಕೊಳ್ಳಲಿಲ್ಲ ಅಂದ್ರ?"

"ಇಳಿಸ್ಕೊಳ್ಳಲಿಲ್ಲ ಅಂದ್ರ ನಾ ಸೋಮವಾರ ಕುರ್ಚಿ ಬಿಟ್ಟು ಗೋಣಿ ಮ್ಯಾಲೆ ಕುಂಡ್ರತೇನಿ. ನಿನ್ನ ಮಷೀನಿಗೇ ಕುರ್ಚಿ ಹಾಕು."

ಬಾಯಿಂದ ಬಂದುಹೋಯಿತು. ಎಲೆ ಆರಿಸುತ್ತಿದ್ದ ಹೆಂಗಸರು ಕೈ ನಿಲ್ಲಿಸಿ ನೋಡಿದರು. ಒಳಗಿನ ಕೋಣೆಯಿಂದ ಸಾಹೇಬರು ಕೆಮ್ಮಿದರು. ರುಬೀನಾ ನನ್ನ ಮೊಣಕಾಲನ್ನೇ ನೋಡಿ, "ಆತು" ಎಂದಳು.

ಆ ಬುಟ್ಟಿಯನ್ನು ನಾನೇ ಕಟ್ಟಿದೆ. ಬಹಳ ವರ್ಷದ ಮೇಲೆ ನೆಲಕ್ಕೆ ಕೂತು, ಎಳೆಯ ಎಲೆಯನ್ನು ಒಂದೊಂದಾಗಿ ಆರಿಸಿದೆ. ಕೆಳಗೆ ಬಾಳೆ ಎಲೆ, ಸುತ್ತ ಒದ್ದೆ ಬಟ್ಟೆ, ಮೇಲೆ ಗೋಣಿತಟ್ಟು. ಶನಿವಾರ ಮುಂಜಾನೆ ಹಾನಗಲ್ ಮೇಲೆ ಹಿರೇಕೆರೂರಿಗೆ ಹೋಗುವ ಬಸ್ಸಿಗೆ ಬುಟ್ಟಿ ಏರಿತು. ಎಂದಿನಂತೆ ಚಿಕ್ಕೇರೂರಿನ ಬಸ್‌ಸ್ಟ್ಯಾಂಡಿನ ಚಹಾದಂಗಡಿಯಲ್ಲಿ ಇಳಿಸಿರಿ ಎಂದು ಕಂಡಕ್ಟರಿಗೆ ಎರಡೆರಡು ಸಲ ಹೇಳಿದೆ.

ಆಮೇಲಿನ ಎರಡು ದಿನ ಹೇಗೆ ಕಳೆದೆನೋ! ಶನಿವಾರವೆಲ್ಲ ಚಿಕ್ಕೇರೂರಿನಿಂದ ಸದ್ದಿಲ್ಲ. ಐತವಾರ ಅಂಗಡಿಗೆ ರಜೆ. ವೀರಪ್ಪ ಮಂಡಕ್ಕಿ ಖಾರ ಕಟ್ಟಿಸಿಕೊಂಡು ಬಂದು ಮುಂದೆ ಇಟ್ಟ. ಸವಣೂರಿನ ಖಾರವೂ ನನಗೆ ಅವತ್ತು ಸಪ್ಪೆ ಹತ್ತಿತು. ಸುಣ್ಣ ಹಚ್ಚಿಸಿದ್ದು ಬರಿಯ ಪಂಚಮಿಗೆ ತಡವಾದ ಕೆಲಸವಾಗಿದ್ದರೆ? ರಾಣಿಬೆನ್ನೂರಿನವರು ಸುಮ್ಮನೆ ಮಾತಿನಲ್ಲಿ ಬಂದುಹೋದವರಾಗಿದ್ದರೆ? ಎಷ್ಟು ಸೊಕ್ಕು ನನಗೆ ಎಂದು ನನ್ನನ್ನೇ ಬೈದುಕೊಂಡೆ. ಕುರ್ಚಿಗಿಂತ ಹೆಚ್ಚು ಸಂಕಟ ಇನ್ನೊಂದಿತ್ತು. ಇಷ್ಟು ವರ್ಷ ಮಂದಿ ಹೇಳಿದ್ದನ್ನೆಲ್ಲ ನಾನು ನಿಜವಾಗಿ ಕೇಳಿಸಿಕೊಂಡಿದ್ದೇನೋ, ಇಲ್ಲ ಬರಿಯ ಹರಟೆ ಹೊಡೆದಿದ್ದೇನೋ ಎಂಬುದು ಆ ಬುಟ್ಟಿಯಲ್ಲಿತ್ತು.

ಸೋಮವಾರ ನಾನು ಹೋಗುವಷ್ಟರಲ್ಲಿ ರುಬೀನಾ ಬಂದಿದ್ದಳು. "ಕುಂತ್ಕೋರಿ" ಎಂದಳು. ನಾನು ಕೂರಲಿಲ್ಲ, ನಿಂತೇ ಇದ್ದೆ. ಅವಳು ಗುಂಡಿ ಒತ್ತಿದಳು. ಅಂಗಡಿ ತುಂಬ ಶಿವಬಸಪ್ಪನವರ ದನಿ.

"ಶರಣ್ರಿ ಗಂಗಕ್ಕ! ಎಲ್ಲಾ ಚೊಲೋತ್ನಂಗ ಆತ್ರಿ. ಸಣ್ಣಾಕಿ ನಿಶ್ಚಯ ಮುಗೀತು. ಎಲಿ ಅಂದ್ರ ಎಲಿ, ಬೀಗರು ಹೊಗಳಿದ್ದs ಹೊಗಳಿದ್ದು. ಆದ್ರ ಗಂಗಕ್ಕ, ಒಂದು ಮಾತು, ಸಿಟ್ಟಾಗಬ್ಯಾಡ್ರಿ. ನಾ ಫೋನಿನ್ಯಾಗ ಹದಿನೈದು ಕಟ್ಟು ಅಂತ ಖಡಕ್ ಹೇಳಿದ್ನಲ್ರಿ? ಇಪ್ಪತ್ತು ಯಾಕ ಕಳಿಸಿದ್ರಿ? ನೀವು ಇತ್ತಿತ್ತಲಾಗ ನನ್ನ ಮಾತು ಸರಿಯಾಗಿ ಕೇಳಸ್ಕೊಳ್ಳವಲ್ರಿ. ಹೋಗ್ಲಿ ಬಿಡ್ರಿ, ಮಂದಿ ಹೆಚ್ಚಿಗಿ ಬಂದಿದ್ರು, ಆ ಐದೂ ಬೇಕs ಆದುವು..."

ಕಟ್.

ಮೊದಲು ನಕ್ಕವರು ಸಾಹೇಬರು, ಒಳಗಿನ ಕೋಣೆಯಲ್ಲಿ. ಆಮೇಲೆ ಎಲೆಯ ಮುಂದೆ ಕೂತ ಹೆಂಗಸರೆಲ್ಲ. ಕೇಳಿಸಿಕೊಳ್ಳುವುದಿಲ್ಲವಂತೆ, ನಾನು! ನನಗೆ ನಗುವೂ ಬಂತು, ಅಳುವೂ ಬಂತು, ಅವರಿಗೆ ಆಗಲೇ ಫೋನ್ ಹಚ್ಚಿ ನಾಲ್ಕು ಮಾತು ಆಡಬೇಕೆಂದೂ ಅನ್ನಿಸಿತು. ರುಬೀನಾ ಎದ್ದು ಬಂದು ನನ್ನ ಎರಡೂ ಭುಜ ಹಿಡಿದು ಕುರ್ಚಿಯಲ್ಲಿ ಕೂರಿಸಿದಳು. "ಮಷೀನಿಗೆ ಕುರ್ಚಿ ಬ್ಯಾಡಂತ್ರಿ. ಅದು ಗ್ವಾಡಿಗೇ ಇರತೈತಂತ" ಎಂದಳು.

ಅವತ್ತು ಮಧ್ಯಾಹ್ನ ಇಬ್ಬರೂ ಕೂತು ಹೊಸ ಮಾತು ತುಂಬಿಸಿದೆವು. ಅವಳದು ಅರ್ಧ, ನನ್ನದು ಅರ್ಧ. ಇವತ್ತಿಗೂ ಅದೇ ಇದೆ: "ನಮಸ್ಕಾರ್ರಿ, ನಾ ಗಂಗಕ್ಕ. ಆರಾಮ ಅದೇನಿ, ಚಾ ಕುಡದಾತು. ನೀವೂ ಆರಾಮ ಅದೀರಿ ಅಂತ ತಿಳ್ಕೊಂಡೇನಿ. ಈಗ ಬರೇ ಹೆಸರು, ಊರು, ಎಷ್ಟು ಕಟ್ಟು, ಯಾವತ್ತಿಗೆ, ಇಷ್ಟs ಹೇಳ್ರಿ. ಉಳದದ್ದು ಮಧ್ಯಾಹ್ನ ನಾನs ಫೋನ್ ಮಾಡಿ ಕೇಳ್ತೇನಿ. ಪೀಂ ಅಂದ ಮ್ಯಾಲೆ ಹೇಳ್ರಿ." ಮಂದಿ ಅಷ್ಟೇ ಹೇಳಿ ಇಡತೊಡಗಿದರು, ಏಕೆಂದರೆ ಉಳಿದದ್ದಕ್ಕೆ ನಾನು ಫೋನ್ ಮಾಡುತ್ತೇನೆಂದು ಗೊತ್ತಿತ್ತು. ಮಾಡುತ್ತೇನೆ ಕೂಡ. ಊಟವಾದ ಮೇಲೆ ದಿನಾ ಎರಡು ತಾಸು ಅದೇ ಕೆಲಸ. ಹುಸೇನಬೀ ಮೊದಲನೆಯವಳು. ಮೊದಲು ಒಂದು ಕೈಯಲ್ಲಿ ಪೆನ್ನು ಹಿಡಿದು, ಇನ್ನೊಬ್ಬ ಗಿರಾಕಿಯ ಫೋನ್ ತಪ್ಪೀತೆಂದು ಜೀವ ಬಿಗಿಹಿಡಿದು ಮಾತಾಡುತ್ತಿದ್ದೆ. ಈಗ ಆ ಚಿಂತೆಯಿಲ್ಲ, ಮಾತಿಗೆ ಮಾತೇ. ಆ ಬಿಳಿ ಪೆಟ್ಟಿಗೆಯನ್ನು ದಿನಾ ಮುಂಜಾನೆ ನಾನೇ ಒರೆಸುತ್ತೇನೆ.

ಚಿಕ್ಕೇರೂರಿನ ಆ ಸಣ್ಣಾಕಿಯ ಕೂಸೇ ಹೋದ ವಾರ ತೊಟ್ಟಿಲು ಏರಿದ್ದು. ಶಿವಬಸಪ್ಪನವರನ್ನು ನಾನು ಕಂಡದ್ದು ಅವತ್ತೇ ಮೊದಲು. ಪಡಸಾಲೆಯಲ್ಲಿ ನನ್ನ ಭುಜದೆತ್ತರದ, ನುಣ್ಣಗೆ ಗಡ್ಡ ಮೀಸೆ ಬೋಳಿಸಿದ ಮುದುಕರೊಬ್ಬರು "ಯಾರು ಬೇಕ್ರಿ?" ಎಂದು ಆ ದನಿಯಲ್ಲಿ ಕೇಳಿದಾಗ ನಾನು ಹಿಂದೆ ಯಾರಾದರೂ ನಿಂತಿದ್ದಾರೇನೋ ಎಂದು ನೋಡಿದೆ. ನಾನು "ಶರಣ್ರಿ" ಅಂದದ್ದೇ, "ಅಯ್ಯಯ್ಯ, ಗಂಗಕ್ಕ!" ಎಂದು ಮನೆಯನ್ನೇ ಕೂಗಿ ಕರೆದರು.

ಬುಟ್ಟಿ ನನಗಿಂತ ಮೊದಲಿನ ಬಸ್ಸಿಗೆ ಹೋಗಿತ್ತು. ಕಂಡಕ್ಟರು ಹೊಸಬ. "ಬುಟ್ಟಿ ಮುಟ್ಟೈತಿ ಅಂತ ಹೋದ ಕೂಡ್ಲೆ ಫೋನ್ ಮಾಡ್ರಿ, ಇಲ್ಲಂದ್ರ ಮಧ್ಯಾಹ್ನದ ಬಸ್ಸಿಗೆ ಇನ್ನೊಂದು ಇಡತೇನಿ" ಎಂದು ರುಬೀನಾ ಹೇಳಿ ಕಳಿಸಿದ್ದಳು. ಕಟ್ಟೆಯ ಮೇಲೆ ನಿಂತು ಅಂಗಡಿಗೆ ಹಚ್ಚಿದೆ. ಯಾರೂ ಎತ್ತಲಿಲ್ಲ. ನಾಲ್ಕೈದು ರಿಂಗ್ ಆಗಿ, ಕಿವಿಯಲ್ಲಿ ನನ್ನದೇ ದನಿ: ನಮಸ್ಕಾರ್ರಿ, ನಾ ಗಂಗಕ್ಕ, ಆರಾಮ ಅದೇನಿ, ನೀವೂ ಆರಾಮ ಅದೀರಿ ಅಂತ ತಿಳ್ಕೊಂಡೇನಿ.

ಪೀಂ ಅಂತು. ನಾನೇನು ಮಾಡಿದೆ ಗೊತ್ತೇ? "ಹೂಂನ್ರಿ, ಆರಾಮ ಅದೇನ್ರಿ" ಎಂದೆ, ನನಗೆ ನಾನೇ, ಮರ್ಯಾದೆ ಕೊಟ್ಟು! ಆಮೇಲೆ ಹೊಳೆ ಹರಿದ ಹಾಗೆ ಹರಿಯಿತು. ಕೂಸು ಗುಂಡಗುಂಡಗೆ ಇದೆ ಎಂದೆ. ಶಿವಬಸಪ್ಪನವರು ಇಷ್ಟೇ ಎತ್ತರ ಎಂದೆ. ಮಳೆ ಹದವಾಗಿದೆ, ಬೀಗರು ಬಂದಿದ್ದಾರೆ, ಈ ಮನೆಯ ಮುದುಕಿ ಎಲೆಯೊಂದನ್ನು ಕಣ್ಣಿಗೆ ಒತ್ತಿಕೊಂಡು ಕೂಸಿನ ತಲೆಯ ಹತ್ತಿರ ಇಟ್ಟಳು ಎಂದೆ. ಕಟ್. ಅಷ್ಟರಲ್ಲಿ ಹೆಂಗಸರು "ತೊಟ್ಟಿಲ ಹಾಡಿಗೆ ಬರ್ರಿ" ಎಂದು ಕೈ ಹಿಡಿದು ಒಳಗೆ ಎಳೆದರು.

ಹೇಳಬೇಕಾದ್ದನ್ನೇ ಹೇಳಿಲ್ಲ ಎಂದು ನೆನಪಾದದ್ದು ತಿರುಗಿ ಬರುವಾಗ, ಬಸ್ಸು ಹಾನಗಲ್ ದಾಟಿದ ಮೇಲೆ. ಮಧ್ಯಾಹ್ನದ ಬಸ್ಸು ಯಾವಾಗಲೋ ಹೋಗಿತ್ತು. ಒಂದು ಬುಟ್ಟಿ ಎಲೆ ನನ್ನ ಹರಟೆಗೆ ಕೊಳೆಯುತ್ತದಲ್ಲ ಎಂದು ದಾರಿಯುದ್ದಕ್ಕೂ ಮೈ ಪರಚಿಕೊಂಡೆ. ಮರುದಿನ ಅಂಗಡಿಗೆ ಹೋದವಳೇ ಕೇಳಿದೆ, "ರುಬೀನಾ, ಇನ್ನೊಂದು ಬುಟ್ಟಿ ಕಳಿಸಿಬಿಟ್ಟಿಯೇನವಾ?"

"ಯಾಕ ಕಳಸ್ಲಿ?"

"ಬುಟ್ಟಿ ಮುಟ್ಟೈತಿ ಅಂತ ನಾ ಹೇಳs ಇಲ್ಲ."

"ಹೇಳೀರಲ್ರಿ" ಎಂದಳು ಅವಳು, ಲೆಕ್ಕದ ಹಾಳೆಯಿಂದ ತಲೆ ಎತ್ತದೆ. "ಮುದುಕಿ ಎಲಿ ಕಣ್ಣಿಗೆ ಒತ್ಕೊಂಡ್ಲು ಅಂದ್ರಿ. ಬುಟ್ಟಿ ಮುಟ್ಟಲಾರದ ಎಲಿ ಎಲ್ಲಿಂದ ಬಂತು?"

ನನಗೆ ಕಣ್ಣು ತುಂಬಿ ಬಂದವು, ಸೆರಗಿನಿಂದ ಒರೆಸಿಕೊಂಡೆ. ಅಷ್ಟರಲ್ಲಿ ಫೋನ್ ಬಡಿಯಿತು. ನಾನು ಕುರ್ಚಿಯ ತನಕ ಹೋಗುವ ಮೊದಲೇ ರುಬೀನಾ ಎತ್ತಿದಳು. "ನಮಸ್ಕಾರ್ರಿ. ಆರಾಮ ಅದೀರೇನ್ರಿ? ಮಳಿ ಹೆಂಗೈತ್ರಿ ನಿಮ್ಮ ಕಡೆ?" ಎಂದು ಕೇಳಿ, ಗಲ್ಲಕ್ಕೆ ಕೈ ಕೊಟ್ಟು ಕೂತಳು.